ಎರಡೆಳೆ ಯಾರ ಹೆಸರಲ್ಲಿದೆ

ಬೀದಿಯವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವರಾದ ಔಷಧಿ ಅಂಗಡಿಯವರು ಕೂಡ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತು, "ಚಿಕ್ಕಮ್ಮ, ಈ ಪ್ಯಾಂಟು ಯಾಕೋ ಒಗೆದು ಒಗೆದು ಚಿಕ್ಕದಾಗಿಬಿಟ್ಟಿದೆ, ಸ್ವಲ್ಪ ಸಡಿಲ ಮಾಡಿ" ಎನ್ನುತ್ತಿದ್ದರು. ಆ ಹೆಸರು ಬೀದಿಗೆ ಬಂದದ್ದು ಒಬ್ಬ ಹುಡುಗಿಯ ಬಾಯಿಂದ. ಶಾಲೆ ಬಿಟ್ಟು ಬರುವಾಗ ತಿರುವಿನಲ್ಲೇ "ಚಿಕ್ಕಮ್ಮಾ, ಹಸಿವು!" ಎಂದು ಕೂಗು ಹಾಕುತ್ತಿದ್ದಳು. ಕೇಳಿ ಕೇಳಿ ಎಲ್ಲರಿಗೂ ಅದೇ ರೂಢಿಯಾಯಿತು. ಹುಡುಗಿ ಹೋಗಿ ವರ್ಷಗಳೇ ಆದರೂ ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು. ದಿನಕ್ಕೆ ಹತ್ತಾರು ಮಂದಿ ಹಾಗೆ ಕರೆಯುತ್ತಿದ್ದರು. ಕರೆದಾಗಲೆಲ್ಲ ಮೆಷಿನಿನ ಮೇಲಿನ ಅವಳ ಕಾಲು ಒಂದು ಗಳಿಗೆ ತಡೆಯುತ್ತಿತ್ತು.

ಅವಳು ಹೊಲಿಗೆಯವಳು. ಗಂಡ ದೂರದೂರಿಗೆ ಹೋಗುವ ಬಸ್ಸಿನ ಚಾಲಕ. ಅವರಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ತೀರಿಕೊಂಡಾಗ ಮಗಳು ಎಳೆಯ ಕೂಸು. ಹೊಲಿಗೆಯವಳು ಆ ಮನೆಗೆ ಬಂದಾಗ ಹುಡುಗಿಗೆ ಒಂಬತ್ತು ವರ್ಷ. ತೆಳ್ಳಗೆ, ಉದ್ದಕ್ಕೆ, ಮಾತಿನಲ್ಲಿ ಚೂಪು. ಅಪ್ಪ ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಮೊದಲ ದಿನವೇ ಸೂಜಿ ಬಾಗಿಲಲ್ಲಿ ಅಡ್ಡ ನಿಂತು, "ನಿನ್ನನ್ನ ನಾನು ಅಮ್ಮ ಅಂತ ಕರೆಯಲ್ಲ" ಎಂದಿದ್ದಳು.

"ಬೇಡ ಬಿಡು. ಏನಂತ ಕರೀತೀಯಾ?"

"ಯೋಚನೆ ಮಾಡಿ ಹೇಳ್ತೀನಿ."

ಯೋಚನೆಗೆ ಒಂದು ಇಡೀ ವಾರ ಹಿಡಿಯಿತು. ಆ ವಾರವೆಲ್ಲ ಅವಳು "ಇಲ್ನೋಡು", "ಕೇಳಿಸ್ತಾ" ಎಂದೇ ಕೆಲಸ ಸಾಗಿಸಿದಳು. ಕೊನೆಗೊಂದು ದಿನ ಸಮವಸ್ತ್ರದ ಗುಂಡಿ ಕಿತ್ತುಹೋಗಿ ಅಂಗಡಿಗೆ ಬಂದವಳು, ಗುಂಡಿಯನ್ನು ಮೇಜಿನ ಮೇಲೆ ಟಪ್ ಎಂದು ಇಟ್ಟು, "ಚಿಕ್ಕಮ್ಮ, ಇದನ್ನ ಹಾಕ್ಕೊಡು" ಎಂದಳು. ಹೊಲಿಗೆಯವಳು ಮುಖವೆತ್ತಲಿಲ್ಲ. ಎತ್ತಿದ್ದರೆ ತನ್ನ ಸಂತೋಷ ಹುಡುಗಿಗೆ ಕಂಡುಬಿಡುತ್ತಿತ್ತು, ಕಂಡರೆ ಅವಳು ಆ ಹೆಸರನ್ನು ವಾಪಸ್ಸು ತೆಗೆದುಕೊಂಡರೂ ತೆಗೆದುಕೊಂಡಳೇ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಮೆಷಿನು, ಗೋಡೆಗೆ ತಗುಲಿ ಕತ್ತರಿಸುವ ಮೇಜು, ಅದರ ತುದಿಯಲ್ಲಿ ಇಸ್ತ್ರಿ. ಸೂಜಿಗೆ ಹದಿಮೂರಾದಾಗ ಅಪ್ಪ ಯಾವುದೋ ಕಚೇರಿಯವರು ಮಾರಿದ ಹಳೆಯ ಕಂಪ್ಯೂಟರನ್ನು ಬಸ್ಸಿನ ಸೀಟಿನ ಕೆಳಗಿಟ್ಟುಕೊಂಡು ತಂದರು. ಇಡಲು ಬೇರೆ ಜಾಗವಿಲ್ಲದೆ ಅದು ಇಸ್ತ್ರಿಯ ಪಕ್ಕ ಕೂತಿತು. ಹೀಗಾಗಿ ಸಂಜೆಗಳಲ್ಲಿ ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೆಲಸ ಮಾಡುತ್ತಿದ್ದರು. ಇವಳದು ಕತ್ತರಿಯ ಸದ್ದು, ಅವಳದು ಕೀಲಿಗಳ ಸದ್ದು.

ಒಂದು ಸಂಜೆ ಸೂಜಿ ಪರದೆಯ ತುಂಬ ಕಪ್ಪು ಮಾಡಿಟ್ಟು ಕರೆದಳು.

"ಚಿಕ್ಕಮ್ಮಾ, ಬಾ ಇಲ್ಲಿ, ಒಂದು ಮಜಾ ತೋರಿಸ್ತೀನಿ."

"ಕೆಟ್ಟುಹೋಗಿದೆಯಲ್ಲೇ, ಚಿತ್ರವೇ ಇಲ್ಲ."

"ಕೆಟ್ಟಿಲ್ಲ. ಇದಕ್ಕೆ ಚಿತ್ರ ಬೇಡ. ಇಲ್ಲಿ ಬರೆದು ಕೇಳಿದ್ರೆ ಉತ್ತರ ಹೇಳತ್ತೆ. ಇಂಟರ್‌ನೆಟ್ಟಲ್ಲಿ ಒಂದೊಂದು ಹೆಸರಿಗೂ ಒಬ್ಬೊಬ್ಬ ಯಜಮಾನ ಇರ್ತಾನೆ. 'ಹೂಈಸ್' ಅಂತ ಬರಿ, ಜಾಗ ಬಿಡು, ಆಮೇಲೆ ಹೆಸರು ಬರಿ. ಯಾರದು, ಯಾವತ್ತು ತಗೊಂಡ್ರು, ಯಾವತ್ತಿನವರೆಗೆ ಅವರದು, ಎಲ್ಲ ಹೇಳತ್ತೆ."

"ಹೂವು ಅಂತ ಬರೀಬೇಕಾ?"

"ಹೂವಲ್ಲ ಚಿಕ್ಕಮ್ಮ! 'ಯಾರು' ಅಂತ ಇಂಗ್ಲಿಷಲ್ಲಿ ಕೇಳೋದು."

"ನಾನು ಹೂವು ಅಂತಾನೇ ನೆನಪಿಟ್ಕೋತೀನಿ. ನನಗೆ ಅದೇ ಸುಲಭ."

ಅಂದಿನಿಂದ ಅದೊಂದು ಆಟವಾಯಿತು. ಬಾಯಿಗೆ ಬಂದ ಹೆಸರನ್ನೆಲ್ಲ ಬರೆದು ಕೇಳುವುದು. ಕತ್ತರಿಗೆ ಯಜಮಾನನಿದ್ದ. ಗುಂಡಿಗೂ ಇದ್ದ, ಎಲ್ಲೋ ದೂರದ ದೇಶದವನು. ಬೆಕ್ಕಿಗಂತೂ ಇದ್ದೇ ಇದ್ದ. "ಅಯ್ಯೋ, ಒಳ್ಳೆ ಹೆಸರೆಲ್ಲ ಹಂಚಿಹೋಗಿದೆಯಲ್ಲೇ! ನಮಗೇನೂ ಉಳಿದಿಲ್ವಾ?" ಎಂದು ಹೊಲಿಗೆಯವಳು ನಿಜವಾಗಿಯೂ ಪೇಚಾಡಿದಳು. ಆಗ ಸೂಜಿ ಅಂಗಡಿಯ ಹೆಸರು ಬರೆದಳು. ಅಂಗಡಿಗೆ 'ಎರಡೆಳೆ' ಎಂದು ಹೆಸರಿಟ್ಟವಳೂ ಸೂಜಿಯೇ. ಚಿಕ್ಕಮ್ಮ ಗುಂಡಿ ಹಾಕುವಾಗ ಯಾವಾಗಲೂ ದಾರವನ್ನು ಎರಡೆಳೆ ಮಾಡುತ್ತಾಳೆಂದು. ಪರದೆಯ ಮೇಲೆ ಒಂದೇ ಒಂದು ಸಾಲು ಬಂತು: ಆ ಹೆಸರಿನವರು ಯಾರೂ ಇಲ್ಲ.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಖಾಲಿ ಇದೆ! ನಾವು ತಗೋಬಹುದು!"

ಅಪ್ಪ ಬಸ್ಸಿನಿಂದ ಇಳಿದು ಶೂ ಬಿಚ್ಚುವ ಮೊದಲೇ ಇಬ್ಬರೂ ಅವರನ್ನು ಮುತ್ತಿಕೊಂಡರು. "ಅಂಗಡಿ ಇರೋದು ಬೀದಿ ಕೊನೇಲಿ. ಇದರ ಬೋರ್ಡು ಜಗತ್ತಿಗೆಲ್ಲ ಯಾಕೆ?" ಎಂದರು ಅವರು. ಆದರೂ ದುಡ್ಡು ಕೊಟ್ಟರು. ಸೂಜಿ ಒಂದು ಪುಟ ಮಾಡಿದಳು. ಮೇಲೆ ಅಂಗಡಿಯ ಚಿತ್ರ, ಕೆಳಗೆ "ಹೇಳಿದ ದಿನಕ್ಕೆ ಕೊಡುತ್ತೇವೆ" ಎಂಬ ದೊಡ್ಡ ಸುಳ್ಳು. ವರ್ಷಕ್ಕೊಮ್ಮೆ ದುಡ್ಡು ಕಟ್ಟದಿದ್ದರೆ ಹೆಸರು ಕೈತಪ್ಪಿಹೋಗುತ್ತದೆ ಎಂದು ಚಿಕ್ಕಮ್ಮನಿಗೆ ಪಾಠ ಹೇಳಿದಂತೆ ಹೇಳಿದಳು. ಕಾಲೇಜಿಗೆ ಹೋದ ಮೇಲೆ ಸುತ್ತಮುತ್ತಲ ಅಂಗಡಿಗಳಿಗೂ ಅಂಥದೇ ಪುಟಗಳನ್ನು ಮಾಡಿಕೊಟ್ಟು, ಬಂದ ದುಡ್ಡಿನಲ್ಲಿ ಎರಡೆಳೆಯ ವರ್ಷದ ಹಣವನ್ನು ತಾನೇ ಕಟ್ಟಿದಳು. ಅದನ್ನು ತೆರೆಯುವ ಗುಟ್ಟಿನ ಪದವೂ ಅವಳೊಬ್ಬಳ ಹತ್ತಿರವೇ ಇತ್ತು.

ಸೂಜಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಚಳಿಗಾಲದಲ್ಲಿ ಅಪ್ಪ ಹೋದರು. ದೂರದ ನಿಲ್ದಾಣವೊಂದರಲ್ಲಿ ಬಸ್ಸು ನಿಲ್ಲಿಸಿ, ಬ್ರೇಕು ಎಳೆದು, ಜನರೆಲ್ಲ ಇಳಿಯುವವರೆಗೂ ಕಾದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಅವರ ಮೈಮೇಲಿದ್ದ ಕಂದು ಕೋಟು ಅವರ ಚೀಲದೊಂದಿಗೆ ಮನೆಗೆ ಬಂತು.

ಅಲ್ಲಿಂದ ಮನೆ ಮೂಕವಾಯಿತು. ಹುಡುಗಿ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಹೊಲಿಗೆಯವಳಿಗೆ ಅಳುವೂ ಬರಲಿಲ್ಲ, ಕೆಲಸವೂ ಕೈಗೆ ಹತ್ತಲಿಲ್ಲ. ಒಪ್ಪಿಕೊಂಡ ಬಟ್ಟೆಗಳು ಮೇಜಿನ ಕೆಳಗೆ ರಾಶಿ ಬಿದ್ದವು. ಒಂದು ಬೆಳಗ್ಗೆ ಹುಡುಗಿ ತೆಳ್ಳನೆಯ ಸ್ವೆಟರಿನಲ್ಲಿ ನಡುಗುತ್ತ ಕಾಲೇಜಿಗೆ ಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ಗೂಟದಲ್ಲಿ ಕೋಟು ತೂಗುತ್ತಿತ್ತು. ಅದನ್ನು ಇಳಿಸಿದಳು. ಒಳಗಿನ ಲೈನಿಂಗು ಹರಿದಿತ್ತು, ಬಟ್ಟೆ ಮಾತ್ರ ಇನ್ನೂ ಗಟ್ಟಿ. ಇದನ್ನು ಸೂಜಿಯ ಅಳತೆಗೆ ತಂದರೆ ಅವರೇ ಅವಳನ್ನು ಹೊದ್ದುಕೊಂಡಂತಲ್ಲವೇ ಅನ್ನಿಸಿತು. ಎಷ್ಟೋ ದಿನದ ಮೇಲೆ ಅವಳ ಕೈಗೆ ಜೀವ ಬಂತು. ಹೊಲಿಗೆ ಬಿಚ್ಚಿದಳು, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು, ಕತ್ತರಿಸಿದಳು. ಸಂಜೆ ಹುಡುಗಿ ಒಳಗೆ ಬಂದಾಗ ಕೋಟಿನ ಎರಡು ತೋಳುಗಳು ಮೇಜಿನ ಮೇಲೆ ಬೇರೆ ಬೇರೆಯಾಗಿ ಬಿದ್ದಿದ್ದವು.

"ಏನಿದು?"

"ನಿನಗೇ ಕಣೇ. ಚಳಿ ಜೋರಾಗಿದೆ, ನೀನು—"

"ಅಪ್ಪನ ತೋಳು ಕತ್ತರಿಸಿದ್ದೀಯಾ?"

ಹೊಲಿಗೆಯವಳು ಎರಡೂ ತೋಳುಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ಅದರಲ್ಲಿ ಅವರ ವಾಸನೆ ಇತ್ತು. ನಾನು ದಿನಾ ಬಂದು ಮೂಸಿ ನೋಡ್ತಿದ್ದೆ, ಗೊತ್ತಾ? ಈಗ ಬರೀ ಬಟ್ಟೆ."

ಆಗ ಸುಮ್ಮನಿರಬೇಕಿತ್ತು, ಇಲ್ಲವೇ ಹೋಗಿ ತಬ್ಬಿಕೊಳ್ಳಬೇಕಿತ್ತು. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ಅಂಗಡಿಯ ಮಾತು. "ಹಾಗೇ ಇಟ್ಟಿದ್ರೆ ಹುಳ ತಿಂತಿತ್ತು."

"ತಿನ್ಲಿ ಅಂತ ಬಿಡ್ಬೇಕಿತ್ತು! ನಿನಗೇನು ಹಕ್ಕಿತ್ತು ಅದರ ಮೇಲೆ? ನೀನೇನು—"

ಹುಡುಗಿ ಅಲ್ಲಿಗೇ ನಿಲ್ಲಿಸಿದಳು. ಆ ಮುಂದಿನ ಮಾತು ಏನಿದ್ದೀತೆಂದು ಹೊಲಿಗೆಯವಳು ಆಮೇಲೆ ವರ್ಷಗಟ್ಟಲೆ ತಾನೇ ತುಂಬಿ ತುಂಬಿ ನೋಡಿದಳು. ಯಾವುದನ್ನು ತುಂಬಿದರೂ ಎದೆಗೆ ಚುಚ್ಚುತ್ತಿತ್ತು.

ಸೂಜಿ ತನ್ನ ಹೆತ್ತ ತಾಯಿಯ ಅಕ್ಕನ ಊರಿಗೆ ಹೋದಳು. ನಾಲ್ಕು ದಿನ ಇದ್ದು ಬರುತ್ತಾಳೆಂದೇ ಇವಳು ಅಂದುಕೊಂಡಿದ್ದಳು. ಮೊದಮೊದಲು ಫೋನಿಗೆ ಚುಟುಕು ಉತ್ತರ ಬರುತ್ತಿತ್ತು. ಆಮೇಲೆ ಆ ನಂಬರೇ ಇಲ್ಲವಾಯಿತು. ಆ ದೊಡ್ಡಮ್ಮನಿಗೆ ಫೋನು ಮಾಡಿದಳು. ಆಕೆ ಕೆಟ್ಟವಳೇನಲ್ಲ, ಆದರೆ ಮಾತನ್ನು ಅಳೆದು ಕೊಡುವವಳು. "ಚೆನ್ನಾಗಿದ್ದಾಳೆ. ಬೇರೆ ಊರಲ್ಲಿ ಓದ್ತಾ ಇದ್ದಾಳೆ. ನಂಬರ್ ಕೊಡಬೇಡಿ ಅಂದಿದ್ದಾಳೆ, ನಾನೇನು ಮಾಡ್ಲಿ ಹೇಳಿ?"

"ಕೊಡಬೇಡಿ. ಹುಷಾರಾಗಿದ್ದಾಳಲ್ಲ, ಅಷ್ಟು ಸಾಕು," ಎಂದು ಹೊಲಿಗೆಯವಳು ಫೋನು ಇಟ್ಟಳು. ಸಾಕಾಗಿರಲಿಲ್ಲ. ಆದರೆ ಬೇಡ ಎಂದವರ ಹಿಂದೆ ಬಿದ್ದು ಹೋಗುವುದು ಅವಳ ಜಾಯಮಾನವಲ್ಲ.

ಕಂಪ್ಯೂಟರು ಅಂಗಡಿಯಲ್ಲೇ ಉಳಿದಿತ್ತು. ಅವಳು ಅದರ ಮೇಲೆ ಬಟ್ಟೆ ಹೊದಿಸಿದ್ದಳು. ಮುಂದಿನ ಚಳಿಗಾಲ ಬಂದಾಗ, ಎರಡೆಳೆಗೆ ದುಡ್ಡು ಕಟ್ಟುವ ಕಾಲ ಇದೇ ಅಲ್ಲವೇ ಎಂದು ನೆನಪಾಯಿತು. ಪುಟವಂತೂ ಆಗಲೇ ಕಾಣೆಯಾಗಿತ್ತು. ಗಿರಾಕಿಯೊಬ್ಬರು ಫೋನಿನಲ್ಲಿ ತೆರೆಯಲು ಹೋಗಿ, "ಏನೂ ಬರ್ತಿಲ್ಲ ಚಿಕ್ಕಮ್ಮ" ಎಂದಿದ್ದರು. ಹೆಸರೂ ಹೋಗಿರಬೇಕು ಎಂದುಕೊಂಡು, ಅಂಗಡಿಯ ಷಟರ್ ಎತ್ತುವ ಮೊದಲು ಬಟ್ಟೆ ಸರಿಸಿ ಕೂತಳು. ಕಪ್ಪು ಪರದೆ ತೆರೆಯುವುದು ಹೇಗೆಂದು ತಡಕಾಡಿದಳು. ಹೂವು, ಜಾಗ, ಹೆಸರು. ಒಂದು ಅಕ್ಷರ ತಪ್ಪಿ ಮತ್ತೆ ಬರೆದಳು. ಪರದೆ ತುಂಬ ಇಂಗ್ಲಿಷು ಸುರಿಯಿತು. ಸಾಲಿನಿಂದ ಸಾಲಿಗೆ ಬೆರಳಿಟ್ಟುಕೊಂಡು ಹೋದಳು. ಯಜಮಾನರ ಹೆಸರಿರುವ ಕಡೆ ಎಲ್ಲ ಮುಚ್ಚಿತ್ತು. ಮುಗಿಯುವ ದಿನ ಎಂಬ ಸಾಲಿನಲ್ಲಿ ಬರುವ ವರ್ಷದ ತಾರೀಕು ಇತ್ತು.

ಯಾರೋ ಕಟ್ಟಿದ್ದಾರೆ. ಯಾರೋ ಏನು, ಕಟ್ಟಬಲ್ಲವಳು ಒಬ್ಬಳೇ.

ಅವತ್ತು ಅವಳು ರಾಶಿ ಬಿದ್ದ ಬಟ್ಟೆಗಳಲ್ಲಿ ಅರ್ಧವನ್ನು ಮುಗಿಸಿದಳು.

ಪಕ್ಕದಲ್ಲಿ ಜೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿಯ ಅಂಗಡಿಯಿತ್ತು. ಅದನ್ನು ನಡೆಸುವವನನ್ನು ಬೀದಿಯವರು 'ಪ್ರಿಂಟರ್' ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ನಿಲ್ಲದೆ ಮಾತು ಹೊರಬರುತ್ತಿದ್ದುದೂ ಅದಕ್ಕೊಂದು ಕಾರಣ. ಒಳ್ಳೆಯ ಮನುಷ್ಯ. ಹೊಲಿಗೆಯವಳು ಅವನಿಗೆ ವಿಷಯ ಹೇಳಿದಳು, ಮುಖದ ಸಂತೋಷ ಮುಚ್ಚಿಕೊಳ್ಳಲಾರದೆ.

"ಅದು ತಾನಾಗೇ ಕಟ್ಟಾಗತ್ತೆ ಚಿಕ್ಕಮ್ಮ," ಎಂದ ಅವನು. "ಒಂದ್ಸಲ ಕಾರ್ಡಿನ ನಂಬರ್ ಕೊಟ್ಟುಬಿಟ್ರೆ ವರ್ಷ ವರ್ಷ ಅವರೇ ದುಡ್ಡು ಎಳ್ಕೋತಾರೆ. ನನ್ನದೇ ಅಂಥವು ಎರಡಿವೆ, ಮರೆತೇ ಹೋಗಿತ್ತು." ಹೇಳಿದ ಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಅಂದ್ರೆ... ಹಾಗೂ ಇರಬಹುದು ಅಂದೆ. ಹಾಗೇ ಅಂತ ಏನಿಲ್ಲ."

ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಹುಡುಗಿ ನೆನಪಿಟ್ಟುಕೊಂಡು ಕಟ್ಟುತ್ತಿದ್ದಾಳೋ, ಮರೆತದ್ದರಿಂದ ಕಟ್ಟಾಗುತ್ತಿದೆಯೋ? ಕಪ್ಪು ಪರದೆ ಎರಡಕ್ಕೂ ಒಂದೇ ತಾರೀಕು ತೋರಿಸುತ್ತಿತ್ತು. ಆದರೂ ಅವಳು ನೋಡುವುದನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ, ಮನಸ್ಸು ತಡೆಯದಿದ್ದರೆ ವಾರಕ್ಕೊಮ್ಮೆ, ಚಹಾದ ಲೋಟ ಹಿಡಿದು ಕೂತು ಕೇಳುವಳು. ತಾರೀಕು ಅಲ್ಲೇ ಇರುವುದೆಂದು ಗೊತ್ತಿದ್ದೂ ಕೇಳುವಳು. ಆ ಒಂದು ಪುಟ ಅವಳಿಗೆ ಬಾಯಿಪಾಠವಾಯಿತು. ಅರ್ಥವಾಗದ ಸಾಲುಗಳ ಆಕಾರ ಕೂಡ ಕಣ್ಣಿಗೆ ರೂಢಿಯಾಯಿತು.

ಹಾಗಾಗಿಯೇ ಮೂರನೆಯ ವರ್ಷ ಆ ಬದಲಾವಣೆ ಅವಳ ಕಣ್ಣಿಗೆ ಬಿತ್ತು. ಕೆಳಗಿನ ಎರಡು ಸಾಲು ಬೇರೆಯಾಗಿದ್ದವು. ಚಹಾ ಅಲ್ಲೇ ಬಿಟ್ಟು ಪ್ರಿಂಟರನನ್ನು ಕೈಹಿಡಿದು ಎಳೆದುಕೊಂಡು ಬಂದಳು.

"ಇದಾ? ಇದು ಸರ್ವರಿನ ಹೆಸರು. ಹೆಸರು ಯಾವ ಕಂಪನಿಯ ಯಂತ್ರದ ಆಸರೆಯಲ್ಲಿದೆ ಅಂತ. ಮೊದಲು ಬೇರೆ ಕಡೆ ಇತ್ತು, ಈಗ ಇಲ್ಲಿಗೆ ತಂದಿದ್ದಾರೆ."

"ಅದೂ ತಾನಾಗೇ ಆಗತ್ತಾ?"

ಪ್ರಿಂಟರ್ ತಲೆ ಕೆರೆದುಕೊಂಡ. ಹಿಂದಿನ ಸಲದ ತಪ್ಪು ಮತ್ತೆ ಮಾಡಬಾರದೆಂದು ಎಚ್ಚರಿಕೆಯಿಂದ ಯೋಚಿಸಿದ. "ಇಲ್ಲ ಚಿಕ್ಕಮ್ಮ. ಇದನ್ನ ಯಾರಾದ್ರೂ ಕೂತು ಮಾಡ್ಬೇಕು. ಒಳಗೆ ಹೋಗಿ, ಹಳೇದು ಅಳಿಸಿ, ಹೊಸದು ಬರೀಬೇಕು."

"ಕೂತು ಮಾಡ್ಬೇಕು," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎಲ್ಲೋ ಒಂದು ಕೋಣೆಯಲ್ಲಿ ಸೂಜಿ ಕಾಲು ಮಡಚಿ ಕುರ್ಚಿಯ ಮೇಲೆ ಕೂತು, ತುಟಿ ಕಚ್ಚಿಕೊಂಡು, ಅಂಗಡಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದಿದ್ದಾಳೆ. ಆ ಹೊತ್ತಿಗಾದರೂ ಅವಳ ಮನಸ್ಸಿನಲ್ಲಿ ಈ ಮೇಜು ಹಾದುಹೋಗಿರದೇ? ಆ ಕೋಣೆ ಹೇಗಿದ್ದೀತು, ಕಿಟಕಿಯಿದೆಯೋ ಇಲ್ಲವೋ, ಕೂದಲು ಇನ್ನೂ ಉದ್ದ ಬಿಟ್ಟಿದ್ದಾಳೋ ಎಂದೆಲ್ಲ ಅವಳು ಬಾಬಿನ್ನಿಗೆ ದಾರ ಸುತ್ತುತ್ತ ಯೋಚಿಸಿದಳು. ಆ ಯೋಚನೆಯ ಮೇಲೆ ಎಷ್ಟೋ ತಿಂಗಳು ಬದುಕಿದಳು.

ಹೀಗೆ ವರ್ಷಗಳು ಸರಿದವು. ಕಣ್ಣಿಗೆ ಕನ್ನಡಕ ಬಂತು. ಅತ್ತ ದೊಡ್ಡಮ್ಮನಿಗೆ ಫೋನು ಮಾಡುವುದೂ ಕಡಿಮೆಯಾಗಿ ನಿಂತಿತು. ಪ್ರತಿ ಸಲ ಅದೇ ಎರಡು ಮಾತು ಕೇಳಿ ಆಕೆಗೂ ಮುಜುಗರ, ಇವಳಿಗೂ ಮುಜುಗರ. ಕಂಪ್ಯೂಟರು ಎರಡು ಸಲ ಸತ್ತು ಪ್ರಿಂಟರನ ಕೈಯಲ್ಲಿ ಎರಡು ಸಲ ಬದುಕಿತು. "ಹೊಸದು ತಗೊಳ್ಳಿ, ಫೋನಲ್ಲೇ ನೋಡಬಹುದು" ಎಂದು ಅವನೆಷ್ಟು ಹೇಳಿದರೂ ಅವಳು ಕೇಳಲಿಲ್ಲ. ಸೂಜಿಯ ಬೆರಳು ತಗುಲಿ ಕೆಲವು ಕೀಲಿಗಳ ಅಕ್ಷರ ಸವೆದಿದ್ದವು. ತಾನು ಒತ್ತುವುದು ಅವನ್ನೇ ಆಗಬೇಕು.

ಎಂಟನೆಯ ಚಳಿಗಾಲದಲ್ಲಿ ತಾರೀಕು ಮುಂದೆ ಹೋಗಲಿಲ್ಲ.

ಮೊದಲ ದಿನ ತಡವಾಗಿರಬೇಕು ಎಂದುಕೊಂಡಳು. ಮಾರನೆಯ ದಿನವೂ ಅದೇ ಹಳೆಯ ತಾರೀಕು, ದಾಟಿಹೋದದ್ದು. ಒಂದು ಹೊಸ ಸಾಲು ಬೇರೆ ಸೇರಿಕೊಂಡಿತ್ತು. ಪ್ರಿಂಟರ್ ಓದಿ ಹೇಳಿದ: "ದುಡ್ಡು ಕಟ್ಟಿಲ್ಲ. ಸ್ವಲ್ಪ ದಿನ ತಡೀತಾರೆ, ಅಷ್ಟರಲ್ಲಿ ಕಟ್ಟೋದಾದ್ರೆ ಹಳೇ ಯಜಮಾನರೇ ಕಟ್ಟಬೇಕು, ಬೇರೆಯವರಿಗೆ ಆಗಲ್ಲ. ಆಮೇಲೆ ಬಿಟ್ಟುಬಿಡ್ತಾರೆ. ಬಿಟ್ಟಮೇಲೆ ಯಾರು ಬೇಕಾದ್ರೂ ತಗೋಬಹುದು."

ಹೊಲಿಗೆಯವಳಿಗೆ ಹೆಸರಿನ ಚಿಂತೆ ಆಗ ಇರಲಿಲ್ಲ. ಹುಡುಗಿಗೆ ಏನಾಯಿತು? ಕಾಯಿಲೆಯೇ? ಕೆಲಸ ಹೋಯಿತೇ? ಏನಾದರೂ ಅನಾಹುತವೇ? ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು, ಮುಜುಗರ ಗಿಜುಗರ ಎಲ್ಲ ಬದಿಗಿಟ್ಟು ದೊಡ್ಡಮ್ಮನಿಗೆ ಫೋನು ಮಾಡಿದಳು.

"ಹುಷಾರಾಗಿದ್ದಾಳಾ? ಅದೊಂದು ಹೇಳಿಬಿಡಿ."

"ಹುಷಾರಾಗೇ ಇದ್ದಾಳಲ್ಲ. ಮೊನ್ನೆ ಮಾತಾಡಿದ್ಲು. ಯಾಕೆ, ಏನಾಯ್ತು?"

"ಏನಿಲ್ಲ." ಹೊಲಿಗೆಯವಳು ಸ್ಟೂಲು ಎಳೆದುಕೊಂಡು ಕೂತಳು. "ಅಂಗಡಿ ಹೆಸರು ಹೋಗ್ತಾ ಇದೆ, ಅಷ್ಟೇ."

"ಅಂಗಡಿ ಮುಚ್ತಾ ಇದ್ದೀರಾ?"

"ಇಲ್ಲ, ಇಲ್ಲ. ಬಿಡಿ. ಅವಳಿಗೆ ಏನೂ ಹೇಳಬೇಡಿ."

ಹುಡುಗಿ ಚೆನ್ನಾಗಿದ್ದಾಳೆ. ಹಾಗಾದರೆ ಅವಳೇ ಬಿಟ್ಟಿದ್ದಾಳೆ. ಮೊದಲನೆಯದು ತಿಳಿದು ಬಂದ ನೆಮ್ಮದಿ ಎರಡನೆಯದರ ಮುಂದೆ ನಿಲ್ಲಲಿಲ್ಲ. ಅವತ್ತು ಅವಳು ಅಂಗಡಿ ಬೇಗ ಮುಚ್ಚಿದಳು. ಗಂಡ ಸತ್ತಾಗ ಬಾರದೆ ಹೋದ ಅಳು ಆಗ ಬಂತು, ಎಲ್ಲ ಒಟ್ಟಿಗೆ.

ಮುಂದಿನ ವಾರಗಳಲ್ಲಿ ಅವಳು ದಿನವೂ ನೋಡಿದಳು. ಒಂದು ಬೆಳಗ್ಗೆ ಪರದೆಯ ಮೇಲೆ ಆ ಹಳೆಯ ಒಂದೇ ಸಾಲು ಬಂತು. ಆ ಹೆಸರಿನವರು ಯಾರೂ ಇಲ್ಲ.

ಪ್ರಿಂಟರ್ ಕಂಪ್ಯೂಟರಿನ ಮುಂದೆ ತಯಾರಾಗಿ ಕೂತ. "ಈಗಲೇ ತಗೊಳ್ಳಿ ಚಿಕ್ಕಮ್ಮ. ಇಂಥ ಹೆಸರಿಗೆ ಹೊಂಚು ಹಾಕೋರಿರ್ತಾರೆ. ನಾನು ಮಾಡ್ಕೊಡ್ತೀನಿ."

ಅವಳು ಪರದೆಯ ಆ ಸಾಲನ್ನೇ ನೋಡಿದಳು. ಸೂಜಿ ಹೋದ ಮೇಲೂ ಎಂಟು ವರ್ಷ ಆ ಹೆಸರು ಸೂಜಿಯ ಕೈಯಲ್ಲೇ ಇತ್ತು. ತಾರೀಕು ಮುಂದೆ ಹೋದಾಗಲೆಲ್ಲ ಅವಳು ಒಂದು ಮಾತು ಆಡಿದ ಹಾಗಿತ್ತು. ತಾನೇ ಅದನ್ನು ಕೊಂಡರೆ ಮುಂದೆ ತಾರೀಕು ತನ್ನ ದುಡ್ಡಿಗೆ ಹೋಗುತ್ತದೆ, ಅದರಲ್ಲಿ ಯಾರ ಸುದ್ದಿಯೂ ಇರುವುದಿಲ್ಲ. ಕೊಳ್ಳದಿದ್ದರೆ ಯಾರೋ ಅಪರಿಚಿತನ ಪಾಲು.

"ಯಾಕೆ ಚಿಕ್ಕಮ್ಮ, ಬೇಡ್ವಾ?"

"ತಗೋ," ಎಂದಳು ಕೊನೆಗೆ. "ನನ್ನ ಹೆಸರಲ್ಲಿ ತಗೋ."

ಅವನು ಒಂದೊಂದೇ ವಿವರ ತುಂಬುತ್ತ ಹೋದ. ಪೂರ್ತಿ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು. "ಇದೆಲ್ಲ ಹೊರಗೆ ಕಾಣದ ಹಾಗೆ ಅವರೇ ಮುಚ್ಚಿಡ್ತಾರೆ, ಯೋಚನೆ ಬೇಡ."

"ಮುಚ್ಚೋದು ಬೇಡ ಅಂದ್ರೆ?"

"ಅಯ್ಯೋ, ಯಾರೂ ಹಾಗೆ ಮಾಡಲ್ಲ ಚಿಕ್ಕಮ್ಮ. ನಂಬರ್ ಹೊರಗೆ ಬಿತ್ತು ಅಂದ್ರೆ, ವೆಬ್‌ಸೈಟ್ ಮಾಡ್ಕೊಡ್ತೀವಿ, ಸಾಲ ಕೊಡ್ತೀವಿ ಅಂತ ಜೀವ ಹಿಂಡ್ತಾರೆ."

"ಹಿಂಡಲಿ. ತೆರೆದಿಡು ತಮ್ಮ. ಯಾರದು ಅಂತ ಕೇಳಿದೋರಿಗೆ ಯಾರದು ಅಂತ ಗೊತ್ತಾಗ್ಲಿ."

ಅವನು ಅವಳ ಕಡೆ ತಿರುಗಿ ನೋಡಿದ. ಸುಮ್ಮನೆ ಆ ಜಾಗದಲ್ಲಿ ಗುರುತು ಹಾಕಿದ.

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಎರಡೇ ದಿನದಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಯಿತು. ವೆಬ್ ಪುಟ ಮಾಡಿಕೊಡುವವರು, ಅಂಗಡಿಯನ್ನು ಜಗತ್ತಿನ ತುದಿಯವರೆಗೆ ಮುಟ್ಟಿಸುವವರು, ಯಾವ ಭಾಷೆಯೆಂದೇ ತಿಳಿಯದ ಭಾಷೆಯವರು. ಹೊಲಿಗೆಯವಳು ಒಂದನ್ನೂ ಬಿಡದೆ ಎತ್ತುತ್ತಿದ್ದಳು. ಪ್ರತಿ ಸಲ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಕನ್ನಡಕ ತೆಗೆದು, "ಹಲೋ, ಎರಡೆಳೆ" ಎನ್ನುತ್ತಿದ್ದಳು. ಒಬ್ಬ ಹುಡುಗನಿಗೆ ಅವಳ ತಾಳ್ಮೆ ಕಂಡು ಎಷ್ಟು ಹುರುಪು ಬಂತೆಂದರೆ ದಿನವೂ ಮಾಡತೊಡಗಿದ. ಕೊನೆಗೆ ಅವನ ಶರಟಿನ ಕಾಲರು ಸವೆದಿರುವ ವಿಷಯವೂ ಬಂದು, ತಿರುಗಿಸಿ ಹೊಲಿದರೆ ಇನ್ನೊಂದು ವರ್ಷ ಬರುತ್ತದೆಂದು ಅವಳೇ ಅವನಿಗೆ ಉಪದೇಶ ಮಾಡಿದಳು.

ಬಿಸಿಲು ಏರುವ ಕಾಲಕ್ಕೆ, ಒಂದು ಮಧ್ಯಾಹ್ನ, ಅವಳು ಮದುವಣಗಿತ್ತಿಯೊಬ್ಬಳ ರವಿಕೆಗೆ ತೋಳು ಕೂಡಿಸುತ್ತಿದ್ದಾಗ ಮತ್ತೆ ಫೋನು ಬಂತು.

"ಹಲೋ, ಎರಡೆಳೆ."

ಆ ಕಡೆಯಿಂದ ಬಾಗಿಲೊಂದು ಮುಚ್ಚಿದ ಸದ್ದು. ಆಮೇಲೆ ಒಂದು ಉಸಿರು.

"ಚಿಕ್ಕಮ್ಮಾ, ನಿನ್ನ ಫೋನ್ ನಂಬರ್ ಊರಿಗೆಲ್ಲ ಕಾಣಿಸ್ತಾ ಇದೆ. ಮುಚ್ಚಿಸು ಅದನ್ನ. ತಲೆ ತಿಂತಾರೆ."

ಅವಳು ಮೆಷಿನಿನ ಚಕ್ರವನ್ನು ಹಿಡಿದುಕೊಂಡಳು. ಬೀದಿಯ ಹತ್ತಾರು ಗಂಟಲಲ್ಲಿ ಹುಡುಕಿದ್ದ ದನಿ ಕಿವಿಯ ಒಳಗೇ ಇತ್ತು. ಸ್ವಲ್ಪ ದಪ್ಪವಾಗಿತ್ತು, ಚೂಪು ಮಾತ್ರ ಹಾಗೇ ಇತ್ತು.

"ತಿಂತಾ ಇದ್ದಾರೆ," ಎಂದಳು.

"ಮತ್ತೆ ಯಾಕೆ ಹಾಗೆ ಬಿಟ್ಟಿದ್ದೀಯಾ?"

"ನೀನು ನೋಡ್ತೀಯೇನೋ ಅಂತ."

ಹೇಳಿ ಇವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಯಾರು ನೋಡಿ ಹೇಳಿದ್ರು ನಿನಗೆ, ಹೆಸರು ಹೋಗಿದೆ ಅಂತ?"

"ನಾನೇ ನೋಡ್ತಿದ್ದೆ. ಹೂವು ಅಂತ ಬರೆದು."

"ಯಾವಾಗಿಂದ?"

"ನೀನು ಹೋದಾಗಿಂದ."

"ಅಷ್ಟೂ ವರ್ಷ?" ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು. "ನನಗೆ ಗೊತ್ತಿರ್ಲಿಲ್ಲ. ನಾನು ಸುಮ್ನೆ... ಕಟ್ತಾ ಇದ್ದೆ. ಬಿಡೋಕೆ ಆಗ್ತಿರ್ಲಿಲ್ಲ. ಈ ಸಲ ಸಾಕು ಅನ್ನಿಸ್ತು, ಬೇಕಂತಲೇ ಬಿಟ್ಟೆ. ಬಿಟ್ಟಮೇಲೆ ಯಾರ ಪಾಲಾಯ್ತೋ ನೋಡೋಣ ಅಂತ ಇವತ್ತು ಕೂತ್ರೆ ನಿನ್ನ ಹೆಸರು. ವಿಳಾಸ ಸಮೇತ."

"ಕೋಟಿನ ವಿಷಯ—"

"ಈಗ ಬೇಡ ಚಿಕ್ಕಮ್ಮಾ."

"ಆಯ್ತು. ಬೇಡ."

ಮತ್ತೆ ಏನು ಕೇಳಬೇಕೆಂದು ತಿಳಿಯದೆ, "ಊಟ ಆಯ್ತಾ?" ಎಂದಳು. ಆಗಿತ್ತಂತೆ. ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವ ಕೆಲಸವಂತೆ. ಊಟದ ಬಿಡುವು ಮುಗಿಯುತ್ತ ಬಂತಂತೆ. ಕೂದಲು ಕತ್ತರಿಸಿಕೊಂಡಿದ್ದಾಳಂತೆ, ಅದನ್ನು ಹೊಲಿಗೆಯವಳೇ ಕೇಳಿದ್ದು. ಯಾವ ಊರು ಎಂದು ಕೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಎರಡೂ ನಾಲಿಗೆಯ ತುದಿಯವರೆಗೆ ಬಂದಿದ್ದವು.

"ನಂಬರ್ ಮುಚ್ಚಿಸ್ಲಾ ಹಾಗಾದ್ರೆ?"

"ಮುಚ್ಚಿಸು," ಎಂದಳು ಸೂಜಿ. "ನನ್ನ ಹತ್ರ ಇದೆಯಲ್ಲ ಈಗ."

ಪ್ರಿಂಟರ್ ಅವತ್ತೇ ಸಂಜೆ ಮುಚ್ಚಿದ. ಬರಬರುತ್ತ ಬೇಡದ ಫೋನುಗಳು ಕಡಿಮೆಯಾದವು, ಕಾಲರಿನ ಹುಡುಗನದೂ ನಿಂತಿತು. ಸೂಜಿ ಫೋನು ಮಾಡುತ್ತಿದ್ದಳು. ಇಂಥ ದಿನ ಎಂದಿಲ್ಲ. ಒಮ್ಮೊಮ್ಮೆ ಒಂದೇ ವಾರದಲ್ಲಿ ಎರಡು ಸಲ, ಒಮ್ಮೊಮ್ಮೆ ತಿಂಗಳು ಕಳೆದರೂ ಇಲ್ಲ. ಮಾತು ಹವೆಯ ಸುತ್ತ, ಮೊಣಕಾಲು ನೋವಿನ ಸುತ್ತ ತಿರುಗಿ ನಿಲ್ಲುತ್ತಿತ್ತು. ಬೆಳಗ್ಗೆ ಚಹಾದ ಲೋಟ ಹಿಡಿದು ಕೂತಾಗ ಹೊಲಿಗೆಯವಳ ಕೈ ಕೀಲಿಗಳ ಕಡೆ ಹೋಗುವುದು. ಕೇಳಿದರೆ ಈಗ ಬರುವುದು ತನ್ನದೇ ಉತ್ತರವೆಂದು ನೆನಪಾಗಿ ಕೈ ಹಿಂದಕ್ಕೆ ಬರುವುದು. ಫೋನು ತಾನಾಗಿ ಬರಬೇಕು, ಕಾಯಬೇಕು. ಇದು ಹಳೆಯದಕ್ಕಿಂತ ಕಷ್ಟದ ಕಾಯುವಿಕೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಚಳಿಗಾಲಕ್ಕೆ ಮುಂಚೆ ಒಂದು ದಿನ ಸೂಜಿ ಮಾತಿನ ನಡುವೆ, "ರಜೆ ಸಿಕ್ಕಿದ್ರೆ ಬಂದು ಹೋಗ್ತೀನಿ, ನೋಡೋಣ" ಎಂದಳು.

ಹೊಲಿಗೆಯವಳು ಅದನ್ನು ಪ್ರಿಂಟರನಿಗೆ ಹೇಳಿದಳು. ಪ್ರಿಂಟರ್ ಬೀದಿಗೆಲ್ಲ ಹೇಳಿದ. ಔಷಧಿ ಅಂಗಡಿಯವರು ದಿನ ಬಿಟ್ಟು ದಿನ ಬಂದು, "ಬಂದಳಾ ಚಿಕ್ಕಮ್ಮ?" ಎಂದು ವಿಚಾರಿಸಿದರು. ಅವಳು ಒಳಕೋಣೆಯ ಕಿಟಕಿ ತೆಗೆದು ಧೂಳು ಹೊಡೆದಳು, ಹಾಸಿಗೆಯ ಹೊದಿಕೆಗಳನ್ನು ಒಗೆದು ಬಿಸಿಲಿಗೆ ಹಾಕಿದಳು.

ಆ ವರ್ಷ ರಜೆ ಸಿಗಲಿಲ್ಲ. ಚಳಿ ಕಳೆದು ಬಿಸಿಲು ಬಂದಾಗ ಅವಳು ಯಾರೂ ಮಲಗದ ಹೊದಿಕೆಗಳನ್ನು ತೆಗೆದು, ಇನ್ನೊಮ್ಮೆ ಒಗೆದು, ಮತ್ತೆ ಅದೇ ಹಾಸಿಗೆಗೆ ಹಾಕಿದಳು.